ಕಡಲಿಗೆ ಡಾಂಬರು, ನಮಗೆ ಉಪದೇಶ

ಮಾನ್ಯರೇ,

ಸುರತ್ಕಲ್ ಕಡಲ ಕಿನಾರೆಯಲ್ಲಿ, ಸಮುದ್ರಕ್ಕೆ ಸೇರಿದ ಎಣ್ಣೆ ಗಟ್ಟಿಯಾಗಿ ಆದ ಡಾಂಬರು ಉಂಡೆಗಳು ಬಂದು ಬಿದ್ದಿರುವ ವರದಿ ನಿಮ್ಮ ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿದೆ. ಆ ಫೋಟೋದಲ್ಲಿ ಕಾಣುವ ದೀಪಸ್ತಂಭದಿಂದ ನಮ್ಮ ಮನೆ ದೂರವಿಲ್ಲ. ವರದಿಯ ಕೊನೆಗೆ ಹೆಸರು ಹೇಳಲು ಇಚ್ಛಿಸದ ಅಧಿಕಾರಿಯೊಬ್ಬರು, ಮಳೆಗಾಲದ ಹೊತ್ತಿಗೆ ಪ್ರತಿವರ್ಷ ಹೀಗಾಗುವುದು ಸಹಜ, ಸಾರ್ವಜನಿಕರು ಆತಂಕಪಡಬೇಕಾಗಿಲ್ಲ ಎಂದು ಅಪ್ಪಣೆ ಕೊಡಿಸಿದ್ದಾರೆ. ನನಗೆ ಆತಂಕ ಏನೂ ಇಲ್ಲ ಸ್ವಾಮಿ, ಇರುವುದು ಸಿಟ್ಟು. ಹೆಸರು ಹೇಳಲಿಕ್ಕೂ ಧೈರ್ಯವಿಲ್ಲದವರು ನಮಗೆ ಧೈರ್ಯ ಹೇಳುತ್ತಿದ್ದಾರಲ್ಲ, ಅದಕ್ಕೆ.

ಮುಂಬಯಿಯಲ್ಲಿರುವ ಮಗಳು, ಅಳಿಯ, ಎರಡು ಮಕ್ಕಳು ರಜೆಗೆ ಬಂದಿದ್ದಾರೆ. ಅಲ್ಲಿ ಶಾಲೆ ಶುರುವಾಗುವುದು ಜೂನ್ ಅರ್ಧ ಕಳೆದ ಮೇಲೆ. ಭಾನುವಾರ ಸಂಜೆ ಮಳೆ ಸ್ವಲ್ಪ ಹೊಳವಾದದ್ದೇ ತಡ, ಮಕ್ಕಳು ಕಡಲಿಗೆ ಓಡಿದವು. ನೀರಿಗಿಳಿಯಬೇಡಿ ಎಂದು ಹೇಳಿದ್ದೆ, ಇಳಿಯಲಿಲ್ಲ, ಪಾಪ. ಬರೇ ಮರಳಲ್ಲಿ ಆಡಿದರು. ವಾಪಸು ಬಂದಾಗ ಪಾದದಡಿ, ಬೆರಳ ಸಂದು, ಮೊಣಕಾಲು, ಚಿಕ್ಕವಳ ಕೂದಲು ಎಲ್ಲ ಕಡೆ ಕಪ್ಪು. ಹಲಸಿನ ಮೇಣದ ಹಾಗೆ, ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಅಂಟುತ್ತದೆ. ಸಾಬೂನಿಗೆ ಹೋಗಲಿಲ್ಲ. ಸೀಮೆಎಣ್ಣೆಯಲ್ಲಿ ಒರೆಸಿ ಎಂದರು ಪಕ್ಕದ ಮನೆಯವರು. ಸೀಮೆಎಣ್ಣೆ ಎಲ್ಲಿದೆ? ರೇಷನ್ ಅಂಗಡಿಯಲ್ಲಿ ಅದರ ಮುಖ ಕಾಣದೆ ವರ್ಷಗಳಾದವು. ನಾಡದೋಣಿಯವರ ಪಾಲಿನ ಸೀಮೆಎಣ್ಣೆಯೇ ಸಮಯಕ್ಕೆ ಬರುವುದಿಲ್ಲ, ಇನ್ನು ಅಜ್ಜಿಯಂದಿರಿಗೆ ಯಾರು ಕೊಡುತ್ತಾರೆ? ಕೊನೆಗೆ ತೆಂಗಿನೆಣ್ಣೆ ಸುರಿದು ತಿಕ್ಕಿದ್ದಾಯಿತು. ತೆಂಗಿನೆಣ್ಣೆಗೆ ಈಗ ಎಷ್ಟಿದೆ ಎಂದು ಅಧಿಕಾರಿಗಳು ಮನೆಯಲ್ಲಿ ಕೇಳಿ ತಿಳಿದುಕೊಳ್ಳಲಿ. ಚಿಕ್ಕವಳ ಕೂದಲನ್ನು ಕತ್ತರಿಸಬೇಕಾಯಿತು. ಅಳಿಯನ ಕಾರಿನ ಸೀಟು ಹಾಳು, ಜಗಲಿಯ ಟೈಲ್ಸ್ ಮೇಲೆ ಕಪ್ಪು ಹೆಜ್ಜೆಗಳು, ನನ್ನ ಸೀರೆಯ ಅಂಚು ಇನ್ನು ನೆಲ ಒರೆಸಲಿಕ್ಕೇ ಸೈ. 'ನಿಮ್ಮ ಊರಿನ ಕಡಲಿಗಿಂತ ನಮ್ಮ ಜುಹೂ ಬೀಚೇ ವಾಸಿ ಅತ್ತೆ' ಎಂದು ಅಳಿಯ ನಗುತ್ತ ಹೇಳಿದರು. ಜುಹೂ ಕಿನಾರೆಗೂ ಮಳೆಗಾಲದಲ್ಲಿ ಇದೇ ಡಾಂಬರು ಬರುತ್ತದೆ, ಅದು ಅವರಿಗೂ ಗೊತ್ತು. ಆದರೂ ಆ ಮಾತನ್ನು ಕೇಳಿಸಿಕೊಳ್ಳಬೇಕಾಯಿತಲ್ಲ.

ಈ 'ಸಹಜ'ದ ವಿಷಯ ಸ್ವಲ್ಪ ನೋಡೋಣ. ಅರಬ್ಬಿ ಸಮುದ್ರದ ಮೇಲೆ ಮುಂಗಾರು ಗಾಳಿ ಬೀಸುವುದು, ಕಡಲ ನೀರಿನ ಹರಿವು ದಡದ ಕಡೆ ತಿರುಗುವುದು, ತೇಲುತ್ತಿರುವುದನ್ನೆಲ್ಲ ತಂದು ನಮ್ಮ ಬಾಗಿಲಿಗೆ ಹಾಕುವುದು, ಇದೆಲ್ಲ ಹೌದು. ಗುಜರಾತಿನಿಂದ ಗೋವಾದವರೆಗೆ, ಗೋವಾದಿಂದ ನಮ್ಮವರೆಗೆ ಇದೇ ಕಥೆ. ಆದರೆ ಎಣ್ಣೆಯನ್ನು ಸಮುದ್ರಕ್ಕೆ ಸುರಿದದ್ದು ಗಾಳಿಯಲ್ಲವಲ್ಲ? ನನ್ನ ಭಾವ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಹಡಗಿನ ತಳದಲ್ಲಿ ಎಣ್ಣೆ ಬೆರೆತ ಕೊಳಕು ನೀರು ಸೇರುತ್ತದೆ, ಟ್ಯಾಂಕರ್‌ಗಳಲ್ಲಾದರೆ ಟ್ಯಾಂಕ್ ತೊಳೆದ ನೀರು ಬೇರೆ. ಅದನ್ನು ಸೋಸಿ, ಎಣ್ಣೆಯ ಅಂಶ ದಶಲಕ್ಷಕ್ಕೆ 15 ಭಾಗಕ್ಕಿಂತ ಕಡಿಮೆಯಾದ ಮೇಲೆಯೇ ತಳದ ನೀರನ್ನು ಹೊರಗೆ ಬಿಡಬೇಕು. ಮಾರ್ಪೋಲ್ ಎನ್ನುವ ಅಂತರರಾಷ್ಟ್ರೀಯ ಒಪ್ಪಂದದ ನಿಯಮ ಇದು, ಆ ಒಪ್ಪಂದ 1983ರಿಂದ ಜಾರಿಯಲ್ಲಿದೆ, ನಮ್ಮ ದೇಶವೂ ಒಪ್ಪಿಕೊಂಡಿದೆ. ಎಷ್ಟು ಎಣ್ಣೆ ಬಂತು, ಎಲ್ಲಿಗೆ ಹೋಯಿತು ಎಂದು ಪ್ರತಿ ದೊಡ್ಡ ಹಡಗಿನಲ್ಲೂ ಪುಸ್ತಕದಲ್ಲಿ ಬರೆದಿಡಬೇಕು. ಆದರೆ ಸೋಸುವುದು ಖರ್ಚಿನ ಕೆಲಸ, ಬಂದರಿನಲ್ಲಿ ಇಳಿಸಿದರೆ ಅದಕ್ಕೂ ದುಡ್ಡು. ಹಾಗಾಗಿ ಕೆಲವರು ಸೋಸುವ ಯಂತ್ರವನ್ನು ತಪ್ಪಿಸಿ ಗುಟ್ಟಾಗಿ ಒಂದು ಪೈಪು ಜೋಡಿಸಿಕೊಂಡಿರುತ್ತಾರಂತೆ. ಹಡಗಿನವರು ಅದಕ್ಕೆ ಮ್ಯಾಜಿಕ್ ಪೈಪ್ ಎನ್ನುತ್ತಾರೆ. ರಾತ್ರಿ ಬಿಟ್ಟರೆ ಬೆಳಗಾಗುವಾಗ ಹಡಗು ಎಲ್ಲೋ, ಎಣ್ಣೆ ಎಲ್ಲೋ. ಹಗುರದ ಅಂಶ ಆವಿಯಾಗಿ ಹೋಗುತ್ತದೆ, ಉಳಿದದ್ದು ಅಲೆಯಲ್ಲಿ ಕಡೆದು ಗಟ್ಟಿಯಾಗಿ ಉಂಡೆಯಾಗುತ್ತದೆ. ಆಮೇಲೆ ಅದು ನನ್ನ ಮೊಮ್ಮಗಳ ಕೂದಲಿಗೆ ಬಂದು ಅಂಟುತ್ತದೆ, ಸಹಜವಾಗಿ.

ಉಂಡೆ ಯಾರದೆಂದು ಪತ್ತೆ ಹಚ್ಚಲು ಆಗುವುದೇ ಇಲ್ಲ ಎನ್ನುತ್ತಾರೆ. ಆಗುತ್ತದೆ. ಗೋವಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಡಾಂಬರು ಉಂಡೆಯ ರಾಸಾಯನಿಕ ಗುರುತು ನೋಡಿ ಅದು ಎಂಥ ಎಣ್ಣೆ, ಎಲ್ಲಿಯದಿರಬಹುದು ಎಂದು ಹುಡುಕುವ ಕೆಲಸವನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದಾರೆ. ಗೋವಾ ನಮಗೆ ಅಷ್ಟೇನೂ ದೂರವಿಲ್ಲ, ಬೆಳಗ್ಗಿನ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ತಲುಪಬಹುದು. ಒಂದು ಡಬ್ಬಿಯಲ್ಲಿ ನಾಲ್ಕು ಉಂಡೆ ಹಾಕಿ ಕಳಿಸಲು ಯಾವ ಫೈಲು ಬೇಕು? ಡಬ್ಬಿ ಬೇಕಾದರೆ ನಾನೇ ಕೊಡುತ್ತೇನೆ, ಉಪ್ಪಿನಕಾಯಿಯದ್ದು ಖಾಲಿ ಬಿದ್ದಿದೆ.

ಸೋಮವಾರ ಫೋನ್ ಹಿಡಿದು ಕೂತೆ. ಒಂದು ಕಚೇರಿಯವರು, ಮರಳಿನ ಮೇಲೆ ಪ್ಲಾಸ್ಟಿಕ್ ಕಸ ಇದ್ದರೆ ಮಾತ್ರ ನಮ್ಮದು, ಎಣ್ಣೆ ಬೇರೆಯವರದು ಎಂದರು. ಆ ಬೇರೆಯವರು, ಎಣ್ಣೆ ನೀರಿನಲ್ಲಿದ್ದರೆ ಹೇಳಿ, ದಡಕ್ಕೆ ಬಂದ ಮೇಲೆ ನಮಗೆ ಸಂಬಂಧವಿಲ್ಲ ಎಂದರು. ಮೂರನೆಯವರು ಬರೆದು ಕೊಡಿ ಎಂದರು. ಮೊಮ್ಮಗ ಮೊಬೈಲಿನಲ್ಲಿ ದೂರು ಹಾಕಿದ. ಸಂಜೆಯೊಳಗೆ ಉತ್ತರವೂ ಬಂತು, 'ನಿಮ್ಮ ದೂರನ್ನು ಇತ್ಯರ್ಥಪಡಿಸಲಾಗಿದೆ' ಎಂದು. ಇತ್ಯರ್ಥ ಹೇಗೆ ಆಯಿತೆಂದು ಮರುದಿನ ತಿಳಿಯಿತು. ಒಂದು ಜೆಸಿಬಿ ಬಂದು ಗುಂಡಿ ತೋಡಿ, ಉಂಡೆಗಳನ್ನು ಅಲ್ಲೇ ಮರಳಿನಡಿ ಹೂತು ಮಟ್ಟ ಮಾಡಿ ಹೋಯಿತು. ದೊಡ್ಡ ಅಲೆ ಎದ್ದಾಗ ಅದೇ ಮರಳು ಕೊಚ್ಚಿ ಹೋಗುತ್ತದೆ, ಅದೇ ಉಂಡೆ ಮತ್ತೆ ಮೇಲೆ ಬರುತ್ತದೆ. ಆಗಲೂ ಸಹಜ ಎಂದೇ ಹೇಳುತ್ತಾರೇನೋ.

2024ರಲ್ಲಿ ತಣ್ಣೀರುಬಾವಿ ಕಡೆಯ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಟ್ಟದ್ದಕ್ಕೆ ಎಷ್ಟು ಸಂಭ್ರಮ, ಬಲೆಯ ಬೇಲಿ ಏನು, ಕಾವಲು ಏನು! ಆಮೆಗಳು ಡಾಂಬರಿನ ಚೂರನ್ನೂ ಆಹಾರ ಎಂದುಕೊಂಡು ನುಂಗುತ್ತವೆ, ಬಾಯಿ ಗಂಟಲಿಗೆ ಅಂಟಿಸಿಕೊಂಡು ಸಾಯುತ್ತವೆ. ಮೊಟ್ಟೆಗೆ ಕಾವಲು ಹಾಕಿ, ಮರಿ ಹೋಗಿ ಸೇರುವ ನೀರನ್ನು ದೇವರ ಪಾಲಿಗೆ ಬಿಟ್ಟರೆ ಆಯಿತೇ? ಮೀನುಗಾರರ ಗೋಳು ಬೇರೆ. ಯಾಂತ್ರಿಕ ದೋಣಿಗಳಿಗೆ ಜುಲೈ 31ರವರೆಗೆ ನಿಷೇಧ. ಈಗ ದುಡಿಯುವುದು ನಾಡದೋಣಿಯವರು, ದಡದಲ್ಲಿ ಬೀಸುಬಲೆ ಹಾಕುವವರು. ಬಲೆಗೆ ಈ ಜಿಡ್ಡು ಹತ್ತಿದರೆ ತೊಳೆದು ಪೂರೈಸುವುದಿಲ್ಲ, ಹಿಡಿದ ಮೀನಿಗೂ ಎಣ್ಣೆ ವಾಸನೆ. ನಮ್ಮ ಹಿಂದಿನ ಮನೆಯವರು ಬಲೆ ಬಿಸಿಲಿಗೆ ಹರಡಿ ಚಾಕುವಿನಲ್ಲಿ ಕೆರೆಯುತ್ತ ಕೂತಿದ್ದರು. 'ಅಕ್ಕಾ, ನೀವು ಪೇಪರಿಗೆ ಬರೆಯಿರಿ, ನಾವು ಬರೆದರೆ ಹಾಕುವುದಿಲ್ಲ' ಎಂದರು. ಹಾಕುತ್ತೀರೆಂದು ನಂಬಿದ್ದೇನೆ.

ಪಕ್ಕದ ಕೇರಳವನ್ನು ನೋಡಿ. 2025ರ ಮೇ ತಿಂಗಳಲ್ಲಿ ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಸಮೇತ ಮುಳುಗಿತು. ಅಲ್ಲಿನ ಸರ್ಕಾರ ಹೈಕೋರ್ಟಿಗೆ ಹೋಗಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು. ಸಿಗುತ್ತದೋ ಬಿಡುತ್ತದೋ, ಕೇಳಿದರಲ್ಲ! ನಮ್ಮಲ್ಲೂ 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿತು. ಕೋಸ್ಟ್ ಗಾರ್ಡಿನವರು ಸಿರಿಯಾದ 15 ಮಂದಿಯನ್ನೂ ಬದುಕಿಸಿದರು, ಅವರಿಗೆ ಕೈ ಮುಗಿಯುತ್ತೇನೆ. ಆಗ ದಿನಾ ಸಭೆ, ದಿನಾ ಹೇಳಿಕೆ. ಮಳೆ ನಿಂತ ಮೇಲೆ ಆ ಹಡಗಿನ ಸುದ್ದಿ ಯಾರ ಬಾಯಲ್ಲೂ ಇರಲಿಲ್ಲ.

ಹಡಗಿನವರನ್ನಷ್ಟೇ ಬೈದರೆ ಸಾಲದು. ತೋಕೂರು ಹಳ್ಳ ಕಪ್ಪಾಗಿ ಹರಿದು ಫಲ್ಗುಣಿ ನದಿ ಸೇರುವುದನ್ನು ನಿಮ್ಮ ಪತ್ರಿಕೆಯೇ ಎಷ್ಟೋ ಸಲ ಬರೆದಿದೆ. ಅದೇ ನದಿಯ ಮರವೂರಿನಲ್ಲಿ ಮೀನು ಸತ್ತು ತೇಲಿದಾಗ ನೀರಿನ ಮಾದರಿ ಸಂಗ್ರಹಿಸಲಾಗಿದೆ ಎಂದು ಓದಿದ್ದೆವು. ಸಂಗ್ರಹಿಸುವುದರಲ್ಲಿ ನಮ್ಮವರು ಗಟ್ಟಿ. ಕಡಲ್ಕೊರೆತಕ್ಕೆಂದು ಮಳೆಗಾಲದಲ್ಲಿ ಬಂಡೆ ಹಾಕುತ್ತಾರೆ, ಬಂಡೆ ಕಡಲಿಗೆ, ಬಿಲ್ಲು ಕಚೇರಿಗೆ. ಸುರತ್ಕಲ್ ಟೋಲ್ ಗೇಟು ತಾತ್ಕಾಲಿಕ ಎಂದು ಹೇಳಿಕೊಂಡೇ ವರ್ಷಗಟ್ಟಲೆ ದುಡ್ಡು ವಸೂಲಿ ಮಾಡಿದರು, ಜನ ರಸ್ತೆಗಿಳಿದು ಕೂತ ಮೇಲೆ 2022ರ ಡಿಸೆಂಬರ್‌ನಲ್ಲಿ ನಿಂತಿತು. ಕಿನಾರೆಗೆ ಹೋಗುವ ನಮ್ಮ ದಾರಿಯಲ್ಲಿ ದೀಪ ಹೋಗಿ ಯಾವ ಕಾಲವಾಯಿತು! ಕತ್ತಲಲ್ಲಿ ಡಾಂಬರು ತುಳಿದರೆ ಅದು ರಸ್ತೆಯದ್ದೋ ಕಡಲಿನದ್ದೋ ತಿಳಿಯುವುದಿಲ್ಲ. ಅಲ್ಲ, ರಸ್ತೆಯದ್ದಾಗಿರಲಿಕ್ಕಿಲ್ಲ. ರಸ್ತೆಗೆ ಡಾಂಬರು ಹಾಕಿಲ್ಲವಲ್ಲ.

ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ, ಸ್ವಚ್ಛ ಕಿನಾರೆಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮನ್ನಣೆ ಬಂತು. ಸಂತೋಷ. ಆದರೆ ಡಾಂಬರು ಉಂಡೆಗೆ ಯಾವ ಕಿನಾರೆಯಲ್ಲಿ ಬಾವುಟ ಇದೆ, ಎಲ್ಲಿ ಇಲ್ಲ ಎಂದು ಗೊತ್ತಾಗುತ್ತದೆಯೇ?

ಆದ್ದರಿಂದ ಸಂಬಂಧಪಟ್ಟವರು, ಅಂದರೆ ಸಂಬಂಧವಿಲ್ಲ ಎಂದು ಹೇಳಿದವರೆಲ್ಲ ಸೇರಿ, ಹೂತಿಟ್ಟದ್ದನ್ನು ಮೊದಲು ತೋಡಿ ತೆಗೆಯಲಿ. ಯಾವ ಹಡಗು, ಯಾವ ಎಣ್ಣೆ ಎಂದು ಪತ್ತೆ ಮಾಡಿ ದಂಡ ಹಾಕಲಿ, ಬಲೆ ಕಳೆದುಕೊಂಡವರಿಗೆ ಏನಾದರೂ ಕೊಡಲಿ. ದಾರಿದೀಪವನ್ನೂ ಹಾಕಲಿ. ಏನೂ ಆಗದಿದ್ದರೆ 'ಇಲ್ಲಿ ಬರಿಗಾಲಲ್ಲಿ ನಡೆಯಬೇಡಿ' ಎಂಬ ಬೋರ್ಡಾದರೂ ಬರಲಿ, ಅದರ ಮೇಲೆ ಯಾರ ಫೋಟೋವೂ ಬೇಡ. ಸೆಪ್ಟೆಂಬರ್ ಮೂರನೇ ಶನಿವಾರ ಕಡಲ ಕಿನಾರೆ ಸ್ವಚ್ಛತಾ ದಿನ ಎಂದು ಟೊಪ್ಪಿ, ಟೀಶರ್ಟು, ಗ್ಲೌಸು ಹಾಕಿಕೊಂಡು ಬಂದು ಕ್ಯಾಮೆರಾ ಮುಂದೆ ಬಿಸ್ಕತ್ತು ಪೊಟ್ಟಣ ಹೆಕ್ಕುವವರು ಈ ಸಲ ನಮ್ಮ ಮನೆ ಮುಂದಿನಿಂದ ಹಾದು ಹೋಗುವಾಗ ನೀರು ಕೇಳಲಿಕ್ಕೆ ಬರುವುದು ಬೇಡ.

— ಒಬ್ಬಳು ನಿವಾಸಿ, ಗುಡ್ಡೆಕೊಪ್ಲ, ಸುರತ್ಕಲ್