ಮರಿಗೆ ಬೇಕಿರುವುದು ಕಾವು, ಬೆಳಕಲ್ಲ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಕೃಷಿ ಪುಟಗಳಲ್ಲಿ ಕೋಳಿ ಸಾಕಣೆಯ ಮಾತು ಬಂದಾಗಲೆಲ್ಲ ಒಂದು ಸಾಲು ತಪ್ಪದೆ ಇರುತ್ತದೆ: ‘ಮೊದಲ ವಾರಗಳಲ್ಲಿ ಮರಿಗಳ ಮೇಲೆ ಬಲ್ಬು ತೂಗುಹಾಕಿ’. ಎಷ್ಟು ಎತ್ತರಕ್ಕೆ, ಯಾವುದರಿಂದ ಬಿಗಿದು, ಬಿದ್ದರೆ ಗತಿಯೇನು ಎಂಬುದು ಮಾತ್ರ ಇರುವುದಿಲ್ಲ. 250 ವಾಟ್‌ನ ಇನ್‌ಫ್ರಾರೆಡ್ ಬಲ್ಬನ್ನು ಒಣ ಹೊಟ್ಟಿನ ಮೇಲೆ ಒಂದು ಕ್ಲಿಪ್ಪನ್ನೇ ನಂಬಿ ನೇತುಹಾಕುವುದೆಂದರೆ ಉರಿಯುವ ಒಲೆಯನ್ನು ಹುಲ್ಲಿನ ಮೆದೆಯ ಮೇಲೆ ಕಟ್ಟಿದ ಹಾಗೆ. ಕ್ಲಿಪ್ ಸಡಿಲವಾಗಬಹುದು, ಬೆಕ್ಕು ಹಾರಿ ತಾಗಬಹುದು, ಕಾದ ಗಾಜಿಗೆ ನೀರು ಸಿಡಿದು ಒಡೆಯಬಹುದು. ಒಡೆದರೂ ಚೂರು ಚೆಲ್ಲದಂತೆ ಟೆಫ್ಲಾನ್ ಜಾತಿಯ ಲೇಪನ ಕೊಟ್ಟ ಬಲ್ಬುಗಳೂ ಇವೆ. ಅವು ಕಾದಾಗ ಹೊರಡುವ ಅನಿಲ ನಮ್ಮ ಗಮನಕ್ಕೆ ಬರುವ ಮೊದಲೇ ಹಕ್ಕಿಗಳನ್ನು ಕೊಲ್ಲಬಲ್ಲದು. ಇದೆಲ್ಲ ಆಗದಿದ್ದರೂ ಹಗಲು ರಾತ್ರಿ ಬೆಳಕಿನಲ್ಲಿರುವ ಮರಿಗಳಿಗೆ ನಿದ್ದೆಯಿಲ್ಲ. ನಿದ್ದೆಗೆಟ್ಟ ಮರಿಗಳು ಒಂದನ್ನೊಂದು ಕುಕ್ಕತೊಡಗುತ್ತವೆ.

ತಾಯಿಕೋಳಿ ಮಾಡುವುದನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅದು ಗೂಡಿನ ಗಾಳಿಯನ್ನು ಬಿಸಿ ಮಾಡುವುದಿಲ್ಲ. ಮರಿ ಅದರ ಹೊಟ್ಟೆಯ ಕೆಳಗೆ ನುಗ್ಗಿ ಬೆನ್ನು ತಾಗಿಸಿ ಕಾವು ಪಡೆಯುತ್ತದೆ, ಹೊರಗೆ ಓಡಿ ನಾಲ್ಕು ಕಾಳು ಹೆಕ್ಕುತ್ತದೆ, ಚಳಿಯಾದಾಗ ಮತ್ತೆ ಒಳಗೆ ಸೇರುತ್ತದೆ. ಬೆನ್ನಿಗೆ ತಾಗುವ ಒಂದು ಬೆಚ್ಚನೆಯ ಜಾಗ, ಓಡಾಡಲು ತಂಪಾದ ಉಳಿದ ಜಾಗ, ಇಷ್ಟೇ ಲೆಕ್ಕ. ಪುಸ್ತಕಗಳು ಹೇಳುವ ಮೊದಲ ವಾರದ 32ರಿಂದ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಕೆ ಎಂಬುದು ಆ ಬೆಚ್ಚನೆಯ ಜಾಗದ, ಮರಿಯ ಬೆನ್ನಿನ ಮಟ್ಟದ ಅಂಕಿ. ಇಡೀ ಕೋಣೆಯನ್ನು ಅಷ್ಟು ಕಾಯಿಸಿದರೆ ಮರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಬಲ್ಬಿನ ಬದಲಿಗೆ ಮೊದಲು ಹೇಳಬೇಕಾದದ್ದು ಬ್ರೂಡರ್ ಪ್ಲೇಟ್. ನಾಲ್ಕು ಕಾಲಿನ ಮೇಲೆ ನಿಂತ, ಕೆಳಮೈ ಬೆಚ್ಚಗಾಗುವ ತಟ್ಟೆ ಇದು. ಹದಿನೈದಿಪ್ಪತ್ತು ಮರಿಗಳಿಗೆ ಸಾಕಾಗುವ ತಟ್ಟೆಗೆ ಬೇಕಾಗುವುದು 15ರಿಂದ 40 ವಾಟ್ ಅಷ್ಟೆ. ಇದನ್ನು ಕೊಂಡವರು ಮಾಡುವ ಸಾಮಾನ್ಯ ತಪ್ಪು ಎತ್ತರದ್ದು. ನಿಂತ ಮರಿಯ ಬೆನ್ನು ತಟ್ಟೆಗೆ ತಾಗಬೇಕು. ಎರಡು ಬೆರಳು ಮೇಲಿಟ್ಟರೂ ಕಾವು ಮುಟ್ಟುವುದಿಲ್ಲ. ಹಿಂಬದಿಯ ಕಾಲುಗಳನ್ನು ಒಂದು ಮೆಟ್ಟಿಲು ತಗ್ಗಿಸಿ ತಟ್ಟೆಯನ್ನು ಓರೆಯಾಗಿಟ್ಟರೆ ಚಿಕ್ಕ ಮರಿ ಹಿಂದೆ, ದೊಡ್ಡದು ಮುಂದೆ ತಮ್ಮ ಎತ್ತರಕ್ಕೆ ತಕ್ಕ ಜಾಗ ಹುಡುಕಿಕೊಳ್ಳುತ್ತವೆ. ಮರಿ ಬೆಳೆದಂತೆ ಮೂರ‍್ನಾಲ್ಕು ದಿನಕ್ಕೊಮ್ಮೆ ಎತ್ತರಿಸುತ್ತಾ ಹೋಗಬೇಕು. ಇನ್ನೊಂದು ಗೊಂದಲ ಥರ್ಮಾಮೀಟರಿನದು. ತಟ್ಟೆಯ ಕೆಳಗೆ ಅದನ್ನಿಟ್ಟು ‘35 ತೋರಿಸುತ್ತಿಲ್ಲ, ತಟ್ಟೆ ಕೆಟ್ಟಿದೆ’ ಎನ್ನುವವರಿದ್ದಾರೆ. ತಟ್ಟೆ ಕಾಯಿಸುವುದು ತಾಗಿದ ಬೆನ್ನನ್ನು, ಗಾಳಿಯನ್ನಲ್ಲ. ಕೋಣೆ 10 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ತಟ್ಟೆಯೊಂದರಿಂದಲೇ ಆಗದು. ಆಗ ಬ್ರೂಡರನ್ನೇ, ಅಂದರೆ ಮರಿಗಳನ್ನಿಟ್ಟ ಕಟ್ಟನ್ನೇ, ಬೆಚ್ಚನೆಯ ಕೋಣೆಗೆ ಸಾಗಿಸಬೇಕು.

ಬೆನ್ನು ನೋವಿಗೆ ಬಳಸುವ ಹೀಟಿಂಗ್ ಪ್ಯಾಡಿನಿಂದಲೂ ಇಂಥದ್ದೇ ಗುಹೆ ಮಾಡಬಹುದು. ಗಟ್ಟಿ ತಂತಿಜಾಲರಿಯನ್ನು ಕಮಾನಿನಂತೆ ಬಾಗಿಸಿ, ಅದರ ಮೇಲೆ ಪ್ಯಾಡನ್ನು ಮಡಿಕೆ ಬೀಳದಂತೆ ಹರಡಿ, ನೂಲು ಬಿಡದ ತೆಳು ಬಟ್ಟೆ ಹೊದಿಸಬೇಕು. ತಾನಾಗಿ ಆರಿಹೋಗುವ ಪ್ಯಾಡ್ ಬೇಡ. ನಡುರಾತ್ರಿ ಅದು ಆರಿದ್ದು ತಿಳಿಯುವುದು ಬೆಳಿಗ್ಗೆಯೇ. ಪ್ಯಾಡನ್ನು ನೆಲಕ್ಕೆ ಹಾಸಿ ಮೇಲೆ ಹೊಟ್ಟು ಸುರಿಯುವುದಂತೂ ಕೂಡದು. ಹೊಟ್ಟು ಬಿಸಿಯನ್ನು ಹಿಡಿದಿಟ್ಟು ಪ್ಯಾಡ್ ಮಿತಿಮೀರಿ ಕಾಯುತ್ತದೆ, ಮರಿಗಳ ಕಾಲು ಸುಡುತ್ತದೆ. ವೈರ್ ಮರಿಗಳ ಕೊಕ್ಕಿಗೆ ಸಿಗದಂತೆ ಹೊರಗಿನಿಂದ ಹಾಯಿಸಿ.

ಕರೆಂಟು ಇಲ್ಲದಾಗ ಬಿಸಿನೀರಿನ ಬಾಟಲಿ. ಕುದಿಯುವ ನೀರು ತುಂಬಿದರೆ ಪ್ಲಾಸ್ಟಿಕ್ ಬಾಟಲಿ ಸೊಟ್ಟಗಾಗಿ ಮುಚ್ಚಳ ಸೋರುತ್ತದೆ; 50ರಿಂದ 60 ಡಿಗ್ರಿಯ ನೀರು ಸಾಕು. ಎರಡು ಸುತ್ತು ಟವೆಲ್ ಸುತ್ತಿ, ಉರುಳಿ ಮರಿಯನ್ನು ಅಪ್ಪಚ್ಚಿ ಮಾಡದಂತೆ ಎರಡೂ ಬದಿಗೆ ಇಟ್ಟಿಗೆ ಆನಿಸಿ ಮಲಗಿಸಿ. ಎರಡು ಬಾಟಲಿಗಳಿದ್ದು, ಎರಡು ಮೂರು ಗಂಟೆಗೊಂದರಂತೆ ಸರದಿಯ ಮೇಲೆ ನೀರು ಬದಲಿಸಿದರೆ ಕಾವು ಪೂರ್ತಿ ಆರುವುದಿಲ್ಲ. ಇದು ಒಂದೆರಡು ರಾತ್ರಿಯ ಉಪಾಯ, ಐದು ವಾರದ್ದಲ್ಲ.

ಕೆಂಡದ ಮಡಕೆಯ ಬಗ್ಗೆ ಒಂದು ಮಾತು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡವಿಟ್ಟು ಬೆಳಿಗ್ಗೆ ಎಲ್ಲ ಮರಿಗಳೂ ಗಾಯ, ರೋಗ ಯಾವುದೂ ಇಲ್ಲದೆ ಸತ್ತು ಬಿದ್ದಿದ್ದರೆ ಅದು ಬಹುತೇಕ ಕಾರ್ಬನ್ ಮೊನಾಕ್ಸೈಡಿನ ಕೆಲಸ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪಕ್ಕದಲ್ಲಿ ಮಲಗಿದ ಮನುಷ್ಯರನ್ನೂ ಅದು ಬಿಡುವುದಿಲ್ಲ. ಬಲ್ಬಿನ ಬೆಂಕಿಗೆ ಹೆದರಿ ಕೆಂಡಕ್ಕೆ ಮೊರೆ ಹೋಗುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆಯೇ ಸರಿ.

ಹೊರಗಿನ ಬಿಸಿಯೇ ಇಲ್ಲದೆ ಮರಿ ಸಾಕುವ ಪದ್ಧತಿಯೂ ಉಂಟು. 20ನೇ ಶತಮಾನದ ಆರಂಭದಲ್ಲೇ ಅಮೆರಿಕದಲ್ಲಿ ‘ಬೆಂಕಿಯಿಲ್ಲದ ಬ್ರೂಡರ್’ ಬಳಕೆಯಲ್ಲಿತ್ತು. ಚಿಕ್ಕ ಪೆಟ್ಟಿಗೆಯ ಸುತ್ತ ಒಣಹುಲ್ಲು ಒತ್ತಿ ತುಂಬಿ, ಮೇಲಿನಿಂದ ಹತ್ತಿಯದೋ ಉಣ್ಣೆಯದೋ ಮೆತ್ತೆಯನ್ನು ಮರಿಗಳ ಬೆನ್ನಿಗೆ ತಾಗುವಷ್ಟು ಜೋಲುಬಿಡುವುದು. ಮರಿಗಳ ಮೈಬಿಸಿಯೇ ಒಳಗೆ ಉಳಿಯುತ್ತದೆ. ಆದರೆ ನಾಲ್ಕೈದು ಮರಿಗಳಿದ್ದರೆ ಇದು ನಡೆಯದು, ಒಂದು ಹತ್ತಾದರೂ ಬೇಕು. ಗಾಳಿಯಾಡಲು ಮೇಲ್ಭಾಗದಲ್ಲಿ ತೂತುಗಳಿರಬೇಕು, ಇಲ್ಲದಿದ್ದರೆ ಉಸಿರಿನ ತೇವವೇ ಮೆತ್ತೆಯನ್ನು ಒದ್ದೆ ಮಾಡುತ್ತದೆ. ಪಳಗಿದ ಕೈಗೆ ಒಳ್ಳೆಯದು. ಮೊದಲ ಸಲ ಸಾಕುವವರು ಇದನ್ನು ಕರೆಂಟು ಹೋದಾಗಿನ ಆಸರೆಯಾಗಿ ಮಾತ್ರ ಇಟ್ಟುಕೊಳ್ಳಲಿ.

ಕಾವಿಗೆ ಕೂತ ಹೇಂಟೆ ಇದ್ದರೆ ಈ ಯಾವ ಸಾಮಾನೂ ಬೇಡ. ಎರಡು ಮೂರು ವಾರ ಬಿಡದೆ ಕೂತಿರುವ ಹೇಂಟೆಯ ಅಡಿಗೆ, ಒಂದೆರಡು ದಿನದ ಮರಿಗಳನ್ನು ಕತ್ತಲಾದ ಮೇಲೆ ಒಂದೊಂದಾಗಿ ತಳ್ಳಿ, ಮೊಟ್ಟೆಗಳನ್ನು ತೆಗೆಯಬೇಕು. ಮಧ್ಯಮ ಗಾತ್ರದ ಹೇಂಟೆಗೆ ಹತ್ತು ಹನ್ನೆರಡು ಮರಿ ಸಾಕು. ಬೆಳಕು ಹರಿಯುವಾಗ ನೀವು ಅಲ್ಲಿರಲೇಬೇಕು: ಕೆಲವು ಹೇಂಟೆಗಳು ಮರಿಯನ್ನು ಒಪ್ಪದೆ ತಲೆಗೆ ಕುಕ್ಕುತ್ತವೆ, ಆಗ ತಡಮಾಡದೆ ಮರಿಗಳನ್ನು ತೆಗೆಯಬೇಕು.

ಯಾವ ವಿಧಾನವಾದರೂ ಕೆಲವು ಸಂಗತಿಗಳು ಒಂದೇ. ಒದ್ದೆ ಮರಿಯನ್ನು ಇನ್‌ಕ್ಯುಬೇಟರಿನಿಂದ (ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆಯಿಂದ) ತೆಗೆಯಬಾರದು. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಶೇಷ ಆಹಾರವಾಗಿ ಇರುವುದರಿಂದ ತುಪ್ಪುಳು ಅರಳುವವರೆಗೆ, ಒಂದು ದಿನದ ತನಕವೂ, ಅದು ಅಲ್ಲೇ ಇರಬಹುದು. ಬ್ರೂಡರಿನ ಕಟ್ಟು ದುಂಡಗಿರಲಿ, ಮೂಲೆಯಿದ್ದರೆ ಚಳಿಯಾದ ಮರಿಗಳು ಅಲ್ಲಿ ರಾಶಿಬಿದ್ದು ಅಡಿಯಲ್ಲಿದ್ದವು ಉಸಿರುಗಟ್ಟುತ್ತವೆ. ನೆಲಕ್ಕೆ 5 ಸೆಂಟಿಮೀಟರ್ ಹೊಟ್ಟು ಹಾಸಿ, ಮೊದಲ ಎರಡು ದಿನ ಮೇಲೊಂದು ಗೋಣಿತಾಟು. ಬರಿಯ ನ್ಯೂಸ್‌ಪೇಪರ್ ಹಾಸಿದರೆ (ಕ್ಷಮಿಸಿ, ಸಂಪಾದಕರೇ) ಕಾಲು ಜಾರಿ ಜಾರಿ ಎರಡೂ ಪಕ್ಕಕ್ಕೆ ಚಾಚಿಕೊಂಡು ಮರಿ ನಿಲ್ಲಲಾರದಂತಾಗುತ್ತದೆ. ನೀರಿನ ತಟ್ಟೆ ಕಾವಿನ ಜಾಗದಿಂದ ದೂರ, ಅದರೊಳಗೆ ಬೆಣಚುಕಲ್ಲುಗಳು. ಬಿದ್ದು ನೆನೆದ ಮರಿಯಷ್ಟು ಬೇಗ ತಣ್ಣಗಾಗುವುದು ಬೇರೊಂದಿಲ್ಲ.

ಕಾವು ಸರಿಯಿದೆಯೇ ಎಂದು ಮರಿಗಳೇ ಹೇಳುತ್ತವೆ. ಗುಂಪುಗೂಡಿ ಜೋರಾಗಿ ಚಿಂವ್‌ಗುಟ್ಟುತ್ತಿದ್ದರೆ ಚಳಿ. ದೂರ ಸರಿದು ಬಾಯ್ದೆರೆದು ಏದುತ್ತ ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಎಲ್ಲ ಒಂದೇ ಬದಿಗೆ ಒತ್ತಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ಹಿಕ್ಕೆ ಅಂಟಿ ಹಿಂಬದಿಯ ದ್ವಾರ ಮುಚ್ಚಿದ ಮರಿಗಳು ಹೆಚ್ಚಾದರೆ ಹೆಚ್ಚಾಗಿ ಚಳಿಯೋ ಸೆಕೆಯೋ ಅತಿಯಾಗಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಿ, ಪೂರ್ತಿ ಒಣಗಿಸಿಯೇ ಒಳಗೆ ಬಿಡಿ. ಆಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ, ಮರಿಗಳು ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು.

ಐದಾರು ವಾರಕ್ಕೆ ಮೈತುಂಬ ಪುಕ್ಕ ಬರುತ್ತದೆ. ಮೊದಲು ಹಗಲಿನ ಕಾವು ನಿಲ್ಲಿಸಿ, ಒಂದು ವಾರ ನೋಡಿ ರಾತ್ರಿಯದನ್ನು ನಿಲ್ಲಿಸಿದರಾಯಿತು. ಮರಿಗಳು ತಟ್ಟೆಯ ಕೆಳಗೆ ನುಗ್ಗುವುದನ್ನು ಬಿಟ್ಟು ಅದರ ಮೇಲೆ ಹತ್ತಿ ನಿದ್ದೆ ಮಾಡತೊಡಗಿದವೆಂದರೆ ಪ್ಲಗ್ ಕಿತ್ತಿಡುವ ದಿನ ಬಂತು.

ಇಂತಿ,
ಕೋಳಿ ಸಾಕಣೆಯ ಓದುಗರು