ಕಸಿ ವಾರ್ಡಿನಲ್ಲಿ ರೋಗಿಯ ಜೊತೆಗಿರುವ ಗಂಡ-ಹೆಂಡತಿಯರಿಗೆ ಸಿಗದ ಮಾಹಿತಿ ಮತ್ತು ತರಬೇತಿ ಕುರಿತು ದೂರು

ಇವರಿಗೆ,
ವೈದ್ಯಕೀಯ ಅಧೀಕ್ಷಕರು ಹಾಗೂ ಅಸ್ಥಿಮಜ್ಜೆ ಕಸಿ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಿಮ್ಮ ಅಸ್ಥಿಮಜ್ಜೆ ಕಸಿ ವಾರ್ಡಿನಲ್ಲಿ ಗಂಡನನ್ನೋ ಹೆಂಡತಿಯನ್ನೋ ಈಗ ನೋಡಿಕೊಳ್ಳುತ್ತಿರುವವರು, ಹಾಗೆಯೇ ನೋಡಿಕೊಂಡು ಮನೆಗೆ ಹೋದವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಚಿಕಿತ್ಸೆಯ ಬಗ್ಗೆಯಾಗಲಿ, ಸಿಸ್ಟರ್‌ಗಳ ದುಡಿಮೆಯ ಬಗ್ಗೆಯಾಗಲಿ ನಮ್ಮ ತಕರಾರಿಲ್ಲ. ರೋಗಿ ಒಳಗಿರುವಷ್ಟು ದಿನ ಜೊತೆಗಿರುವವರಿಗೆ ಯಾರೂ ಏನನ್ನೂ ಕಲಿಸುವುದಿಲ್ಲ. ಡಿಸ್ಚಾರ್ಜ್ ದಿನ, ಬಿಲ್ಲಿನ ಸರದಿಯಲ್ಲಿ ನಿಂತಿರುವಾಗ, ಅದುವರೆಗೆ ಇಡೀ ತಂಡ ಮಾಡುತ್ತಿದ್ದ ಕೆಲಸವನ್ನು ಒಂದು ಹಾಳೆಯ ಸಮೇತ ಅವರ ಕೈಗೆ ಹಾಕಿಬಿಡುತ್ತೀರಿ. ನಮ್ಮ ದೂರು ಇದರ ಮೇಲೆ.

ಮೊದಲು ರೌಂಡ್ಸ್ ವಿಚಾರ. ಬೆಳಿಗ್ಗೆ ಡಾಕ್ಟರ್ ಬರುತ್ತಿದ್ದಂತೆ ಅಟೆಂಡರ್‌ಗಳೆಲ್ಲ ಹೊರಗೆ ಹೋಗಬೇಕು. ರೋಗಿಗೆ ಬಾಯಿ ತುಂಬ ಹುಣ್ಣು, ನೋವಿಗೆ ಕೊಟ್ಟ ಮಾರ್ಫಿನ್‌ನಿಂದ ಮಂಪರು. ಏನು ಕೇಳಿದರೂ ತಲೆಯಾಡಿಸುವುದಷ್ಟೇ. ರಾತ್ರಿ ಎಷ್ಟು ಸಲ ಭೇದಿಯಾಯಿತು, ನೀರಿನಂತಿತ್ತೋ ರಕ್ತವಿತ್ತೋ, ಅಂಗೈ ಯಾವಾಗ ಕೆಂಪಾಗಿ ಉರಿಯತೊಡಗಿತು, ಯಾವ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾಗಿ ಹೋಯಿತು ಎಂದೆಲ್ಲ ಬಲ್ಲವರು ಮಾತ್ರ ಕಾರಿಡಾರಿನಲ್ಲಿ ನಿಂತಿರುತ್ತಾರೆ.

ಇವು ಸಣ್ಣ ವಿಷಯಗಳಲ್ಲ. ದಾನಿಯ ಕಣಗಳು ರೋಗಿಯ ದೇಹದ ಮೇಲೆ ತಿರುಗಿಬೀಳುವ ಜಿವಿಎಚ್‌ಡಿ ಮುಖ್ಯವಾಗಿ ತೋರಿಸಿಕೊಳ್ಳುವುದು ಚರ್ಮ, ಕರುಳು ಮತ್ತು ಯಕೃತ್ತಿನಲ್ಲಿ. ಚರ್ಮದ ದದ್ದು ಎಷ್ಟೋ ಜನರಲ್ಲಿ ಅಂಗೈ, ಅಂಗಾಲು, ಕಿವಿಯ ಸುತ್ತ ಶುರುವಾಗುತ್ತದೆ. ಕರುಳಿನದಾದರೆ ದಿನದ ಭೇದಿಯ ಅಳತೆಯ ಮೇಲೆ ಹಂತ ಗೊತ್ತುಮಾಡುತ್ತಾರೆ: ದೊಡ್ಡವರಲ್ಲಿ 500 ಮಿ.ಲೀ. ಮುಟ್ಟಿದರೆ ಮೊದಲನೆಯದು, 1,000 ಮುಟ್ಟಿದರೆ ಎರಡನೆಯದು, 1,500 ದಾಟಿದರೆ ಮೂರನೆಯದು. ಹೀಗಿರುವಾಗ ಚಾರ್ಟಿನಲ್ಲಿ ‘ನಾಲ್ಕು ಸಲ’ ಎಂದು ಬರೆದರೆ ಅದರಿಂದ ಏನು ತಿಳಿಯುತ್ತದೆ? ಅಳತೆಯ ಗೆರೆಯಿರುವ ಒಂದು ಪಾತ್ರೆ ಕೊಟ್ಟು, ಮೂತ್ರದ ಜೊತೆ ಬೆರೆಸದೆ ಅಳೆದು ಬರೆಯಲು ಕಲಿಸಿದರೆ ಆ ಕೆಲಸವನ್ನು ನಾವೇ ಮಾಡುತ್ತೇವೆ. ತೂಕವೂ ಅಷ್ಟೆ. ಒಂದೇ ತಕ್ಕಡಿ, ಒಂದೇ ಹೊತ್ತು, ಹೆಚ್ಚುಕಡಿಮೆ ಅದೇ ಬಟ್ಟೆ ಇದ್ದರೆ ಮಾತ್ರ ನಿನ್ನೆಯದಕ್ಕೂ ಇಂದಿಗೂ ಹೋಲಿಸಬಹುದು. ತೂಕ ದಿಢೀರನೆ ಏರಿ, ಬಲ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಯಕೃತ್ತಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತಿರಬಹುದು ಎಂದು ಜೊತೆಗಿರುವವರಿಗೆ ಯಾರಾದರೂ ಹೇಳಬೇಡವೇ? ರೌಂಡ್ಸ್ ಹೊತ್ತಿಗೆ ಹಾಸಿಗೆಗೆ ಒಬ್ಬರಂತೆ ಒಳಗಿರಲು ಬಿಡಿ.

ಹೆಚ್ಚು ಅಪಾಯ ಇರುವುದು ಜಿವಿಎಚ್‌ಡಿ ಬಾರದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೊರಿನ್ ವಿಷಯದಲ್ಲಿ. ಇವುಗಳ ಲೆವೆಲ್, ಅಂದರೆ ರಕ್ತದಲ್ಲಿ ಔಷಧ ಎಷ್ಟಿದೆ ಎಂಬುದನ್ನು ನೋಡಬೇಕಾದ್ದು ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ, ಅಂದರೆ ಹಿಂದಿನ ಡೋಸ್ ಆಗಿ ಸುಮಾರು 12 ಗಂಟೆಗೆ. ರಾತ್ರಿ 8ಕ್ಕೆ ನುಂಗಿದವರು ಬೆಳಿಗ್ಗೆ 8ಕ್ಕೆ ರಕ್ತ ಕೊಟ್ಟು ಆಮೇಲೆ ನುಂಗಬೇಕು. ನಿಮ್ಮ ಡಿಸ್ಚಾರ್ಜ್ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿರುವುದು ‘ಬೆಳಗಿನ ಮಾತ್ರೆ ಯಾವ ಕಾರಣಕ್ಕೂ ತಪ್ಪಿಸಬೇಡಿ’ ಎಂದಷ್ಟೆ. ಅದನ್ನು ನಂಬಿದವರು ಮನೆಯಲ್ಲೇ ನುಂಗಿ ಬಂದು, ಹತ್ತು ಗಂಟೆಯ ಮೇಲೆ ರಕ್ತ ಕೊಡುತ್ತಾರೆ. ಲೆವೆಲ್ ಏರಿದಂತೆ ಕಾಣುತ್ತದೆ. ಅದನ್ನು ನೋಡಿ ಡೋಸ್ ಇಳಿಸಿದರೆ ನಿಜವಾದ ಮಟ್ಟ ಬೇಕಾದ್ದಕ್ಕಿಂತ ಕೆಳಕ್ಕೆ ಹೋಗಿ ಜಿವಿಎಚ್‌ಡಿಗೆ ದಾರಿಯಾಗುತ್ತದೆ. ಲೆವೆಲ್ ಪರೀಕ್ಷೆಯ ದಿನ ಆ ಮಾತ್ರೆಯನ್ನು ಕೈಯಲ್ಲಿ ಹಿಡಿದು ಬಂದು, ರಕ್ತ ಕೊಟ್ಟೊಡನೆ ನುಂಗಬೇಕೆಂದು ಹಾಳೆಯಲ್ಲಿ ಬರೆಯಿರಿ. ಈ ರೋಗಿಗಳಿಗೆ ರಕ್ತ ತೆಗೆಯುವ ಸರದಿಯನ್ನು ಬೇರೆ ಮಾಡಿ, ಬೆಳಿಗ್ಗೆ ಮೊದಲಿಗೇ ಮುಗಿಸಿ.

ಇದೇ ತಪ್ಪು ವಾರ್ಡಿನೊಳಗೆ ಇನ್ನೊಂದು ಬಗೆಯಲ್ಲಿ ಆಗುತ್ತದೆ. ಈ ಔಷಧವನ್ನು ಲೈನಿನಲ್ಲಿ, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ಕೊಳವೆಯಲ್ಲಿ ಬಿಟ್ಟಾಗ ಅದು ಕೊಳವೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ; ಅದೇ ಕೊಳವೆಯಿಂದ ರಕ್ತ ಎಳೆದರೆ ದ್ರವ ಹಾಯಿಸಿ ಎಷ್ಟು ತೊಳೆದಿದ್ದರೂ (ಫ್ಲಶ್ ಮಾಡಿದ್ದರೂ) ಲೆವೆಲ್ ಇಲ್ಲದಷ್ಟು ಹೆಚ್ಚು ತೋರಿಸಬಹುದು. ಎರಡು ಕವಲಿನ ಲೈನಿನಲ್ಲಿ ಸಾಮಾನ್ಯವಾಗಿ ಒಂದು ತುದಿ ಕೆಂಪು, ಇನ್ನೊಂದು ಬಿಳಿ. ಔಷಧಕ್ಕೆ ಯಾವುದು, ಲೆವೆಲ್‌ಗೆ ಯಾವುದು ಎಂದು ಕ್ಲ್ಯಾಂಪಿನ (ಕೊಳವೆ ಮುಚ್ಚುವ ಕ್ಲಿಪ್ಪಿನ) ಹತ್ತಿರ ಒಂದು ಚೂರು ಟೇಪ್ ಸುತ್ತಿ ಬರೆದರೆ ಸಾಕು. ಪಾಳಿ ಬದಲಾಗುವ ಹೊತ್ತಿನಲ್ಲಿ ಬಂದ ಹೊಸ ಸಿಸ್ಟರ್‌ಗೆ ಅದನ್ನು ನೆನಪಿಸಿದವರಿಗೆ ‘ನಿಮಗೇಕೆ’ ಎಂಬ ಉತ್ತರ ಸಿಗುತ್ತಿದೆ. ಇದು ನಿಲ್ಲಬೇಕು.

ಮಾತ್ರೆಗಳ ನಡುವಿನ ಜಗಳವನ್ನೂ ಯಾರೂ ತಿಳಿಸುವುದಿಲ್ಲ. ಫಂಗಸ್‌ಗೆ ಕೊಡುವ ವೊರಿಕೊನಜೋಲ್, ಪೊಸಕೊನಜೋಲ್ ಈ ಲೆವೆಲ್ಲನ್ನು ಜೋರಾಗಿ ಏರಿಸುತ್ತವೆ. ಅವನ್ನು ನಿಲ್ಲಿಸಿದರೆ ಲೆವೆಲ್ ಇಳಿಯುತ್ತದೆ. ಹಾಗಾಗಿ ಫಂಗಸ್ ಮಾತ್ರೆ ಮುಗಿದು ಅಂಗಡಿಯಲ್ಲಿ ಸಿಗದಿದ್ದರೆ ಅದು ಆ ಒಂದು ಮಾತ್ರೆಯ ಸಮಸ್ಯೆ ಮಾತ್ರವಲ್ಲ. ಕೆಮ್ಮಿಗೆಂದು ಬೇರೆ ವೈದ್ಯರು ಬರೆಯುವ ಕ್ಲಾರಿಥ್ರೊಮೈಸಿನ್ ಏರಿಸುತ್ತದೆ, ಕ್ಷಯದ ರಿಫಾಂಪಿಸಿನ್ ಮತ್ತು ಫಿಟ್ಸ್‌ನ ಫಿನಿಟಾಯಿನ್ ಇಳಿಸುತ್ತವೆ, ಚಕ್ಕೋತ ಮತ್ತು ಗ್ರೇಪ್‌ಫ್ರೂಟ್ ಏರಿಸುತ್ತವೆ. ನಿಮ್ಮ ಫಾರ್ಮಸಿಯವರು ಒಂದು ಕಂಪನಿಯದು ಮುಗಿದರೆ ಏನೂ ಹೇಳದೆ ಇನ್ನೊಂದನ್ನು ಕೊಡುತ್ತಿದ್ದಾರೆ. ದಿನಕ್ಕೆ ಎರಡು ಸಲದ ಟ್ಯಾಕ್ರೋಲಿಮಸ್ ಬೇರೆ, ನಿಧಾನವಾಗಿ ಬಿಡುಗಡೆಯಾಗುವ, ದಿನಕ್ಕೆ ಒಂದೇ ಸಲದ್ದು ಬೇರೆ. ಮಿಲಿಗ್ರಾಂ ಒಂದೇ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ವಾರ್ಡಿನ ಡಾಕ್ಟರ ಸಹಿ ಇಲ್ಲದೆ ಈ ಔಷಧದ ಕಂಪನಿಯನ್ನಾಗಲಿ ಬಗೆಯನ್ನಾಗಲಿ ಬದಲಿಸಕೂಡದು ಎಂದು ಫಾರ್ಮಸಿಗೆ ಲಿಖಿತ ಆದೇಶ ಹೊರಡಿಸಿ.

ಜ್ವರದ ಸೂಚನೆ ಹಾಳೆಯಲ್ಲಿದೆ, ಆದರೆ ಅದನ್ನು ಪಾಲಿಸಲು ನಿಮ್ಮಲ್ಲೇ ವ್ಯವಸ್ಥೆ ಇಲ್ಲ. ಒಂದೇ ಸಲ 38.3 ಡಿಗ್ರಿ ಸೆಲ್ಸಿಯಸ್ ಬಂದರೂ, 38.0 ಒಂದು ಗಂಟೆ ನಿಂತರೂ ಆಸ್ಪತ್ರೆಗೆ ಬರಬೇಕು. ಪ್ಯಾರಾಸಿಟಮಾಲ್ ಕೊಟ್ಟು ನೋಡುತ್ತ ಕೂರುವಂತಿಲ್ಲ, ಏಕೆಂದರೆ ಅದು ಜ್ವರವನ್ನು ಮರೆಮಾಡುತ್ತದೆಯೇ ಹೊರತು ಸೋಂಕನ್ನು ಗುಣಪಡಿಸುವುದಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರವೇ ಬಾರದೆ ಬರೀ ಚಳಿ, ಸುಸ್ತು ಇರಬಹುದು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೊಫಿಲ್ 500ಕ್ಕಿಂತ ಕೆಳಗಿರುವವರಿಗೆ ಬಂದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು. ಇಷ್ಟೆಲ್ಲ ಇದ್ದೂ, ಹಾಳೆಯಲ್ಲಿರುವ ನಂಬರಿಗೆ ರಾತ್ರಿ ಫೋನ್ ಮಾಡಿದರೆ ಎತ್ತುವುದು ಸ್ವಾಗತ ಕೌಂಟರಿನವರು, ಹೇಳುವುದು ‘ಬೆಳಿಗ್ಗೆ ಒಪಿಡಿಗೆ ಬನ್ನಿ’ ಎಂದು. ನೇರವಾಗಿ ತುರ್ತು ವಿಭಾಗಕ್ಕೆ ಹೋದರೆ ಕೆಮ್ಮುವವರ ನಡುವೆ ಟೋಕನ್ ಹಿಡಿದು ಕೂರಬೇಕು. ನಂಬರ್ ವಾರ್ಡಿನ ಡ್ಯೂಟಿ ಡಾಕ್ಟರಿಗೇ ಹೋಗಬೇಕು. ಪ್ರತಿ ರೋಗಿಗೂ ಒಂದು ಕಾರ್ಡ್ ಕೊಡಿ: ಕಸಿಯಾದ ದಿನಾಂಕ, ದಾನಿಯ ಮತ್ತು ರೋಗಿಯ ರಕ್ತದ ಗುಂಪು, ಲೈನ್ ಇದೆಯೇ, ಮತ್ತು ರಕ್ತ ಅಥವಾ ಪ್ಲೇಟ್‌ಲೆಟ್ ಕೊಡುವುದಾದರೆ ವಿಕಿರಣ ಹಾಯಿಸಿದ್ದೇ ಆಗಬೇಕು ಎಂಬ ಸೂಚನೆ ಅದರಲ್ಲಿರಲಿ. ಹತ್ತಿರದ ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದಾಗ ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಲೈನಿನ ಆರೈಕೆಯನ್ನು ಹೊರಡುವ ದಿನ ಬಾಯಲ್ಲಿ ವಿವರಿಸಿದರೆ ಕೈಗೆ ಬರುವುದಿಲ್ಲ. ಪಾರದರ್ಶಕ ಡ್ರೆಸಿಂಗ್ ಆದರೆ 7 ದಿನಕ್ಕೊಮ್ಮೆ, ಗಾಜ್ ಆದರೆ 2 ದಿನಕ್ಕೊಮ್ಮೆ, ಒದ್ದೆಯಾದರೆ ಅಥವಾ ಅಂಚು ಎದ್ದರೆ ಆಗಲೇ ಬದಲಿಸಬೇಕು. ಕ್ಲೋರ್‌ಹೆಕ್ಸಿಡಿನ್ (ಸೋಂಕುನಿವಾರಕ) ಹಚ್ಚಿದ ಮೇಲೆ ಅದು ತಾನಾಗಿ ಒಣಗುವವರೆಗೆ ಕಾಯಬೇಕು; ಊದಿದರೆ ಬಾಯಿಯ ಬ್ಯಾಕ್ಟೀರಿಯಾ ಅಲ್ಲೇ ಬೀಳುತ್ತದೆ. ಲೈನಿನ ಹತ್ತಿರ ಕತ್ತರಿ ತರಲೇಬಾರದು. ಕೊಳವೆ ಸೀಳಿದರೆ ಸೀಳಿಗೂ ಮೈಗೂ ನಡುವೆ ಕ್ಲ್ಯಾಂಪ್ ಹಾಕಬೇಕು. ಫ್ಲಶ್ ಮಾಡಿದ ಸ್ವಲ್ಪ ಹೊತ್ತಿಗೆ ನಡುಕ ಬಂದರೆ ಸೋಂಕು ಲೈನಿನೊಳಗೇ ಇರಬಹುದು, ಮತ್ತೆ ಫ್ಲಶ್ ಮಾಡದೆ ಫೋನ್ ಮಾಡಬೇಕು. ರಕ್ತಕಣಗಳ ಕೌಂಟ್ ಏರತೊಡಗಿದ ದಿನದಿಂದಲೇ ಸಿಸ್ಟರ್ ಎದುರು ನಮ್ಮ ಕೈಯಲ್ಲಿ ಮಾಡಿಸಿ, ಸರಿಯಾಗಿ ಮಾಡಿದವರ ಹೆಸರಿನ ಮುಂದೆ ಸಹಿ ಹಾಕಿ.

ಪಾಸಿನ ನಿಯಮವಂತೂ ರೋಗಿಗೇ ಕೇಡು. ಪಾಸ್ ಒಬ್ಬರ ಹೆಸರಿನಲ್ಲಿ. ಬದಲಿಸಲು ಅರ್ಜಿ, ಸಹಿ, ಮರುದಿನದ ಕಾಯುವಿಕೆ. ಜೊತೆಗಿರುವವರಿಗೆ ಮೂಗು ಸೋರತೊಡಗಿದರೆ, ರೋಗಿಯನ್ನು ಒಂಟಿಯಾಗಿ ಬಿಡಲಾರದೆ ಅವರು ಹೇಳದೆ ಉಳಿದುಬಿಡುತ್ತಾರೆ. ಸಾಮಾನ್ಯ ನೆಗಡಿ, ಫ್ಲೂ ವೈರಸ್‌ಗಳೇ ಕಸಿಯಾದವರಲ್ಲಿ ನ್ಯುಮೋನಿಯಾಗೆ ತಿರುಗುತ್ತವೆ ಎಂದು ನಿಮಗೆ ನಾವು ಹೇಳಬೇಕಿಲ್ಲ. ಪ್ರತಿ ರೋಗಿಗೂ ಎರಡನೆಯ ಹೆಸರೊಂದನ್ನು ಮೊದಲೇ ನೋಂದಾಯಿಸಿಕೊಳ್ಳಿ, ಇಬ್ಬರಿಗೂ ಫ್ಲೂ ಲಸಿಕೆ ಆಗಿದೆಯೇ ಎಂದು ದಾಖಲಾಗುವ ಮುನ್ನವೇ ಕೇಳಿ. ಅಟೆಂಡರ್‌ಗಳು ಕೈ ತೊಳೆಯುವಲ್ಲಿ ಸೋಪು ಇಡಿ. ಬಾಗಿಲ ಬಳಿಯ ಸ್ಯಾನಿಟೈಜರ್‌ನಿಂದ ಸಿ-ಡಿಫ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಭೇದಿಯ ಬೀಜಾಣು ಸಾಯುವುದಿಲ್ಲ, ಸೋಪು-ನೀರಿನಲ್ಲಿ ಉಜ್ಜಿ ತೊಳೆದರೇ ಹೋಗುವುದು. ಮಲಗಲು ಕುರ್ಚಿಯ ಬದಲು ಮಡಚುವ ಮಂಚ ಕೊಟ್ಟರೆ ಉಪಕಾರ. ನಿದ್ದೆಗೆಟ್ಟವರ ಕೈಯಲ್ಲಿ ಡೋಸ್ ತಪ್ಪುತ್ತದೆ.

ತರಬೇತಿ, ಪಾಸು, ರೌಂಡ್ಸ್ ನಿಯಮ ಬದಲಿಸಲು ನಿಮಗೆ ಸಭೆ, ಅನುಮತಿ ಬೇಕಾಗಬಹುದು. ರಾತ್ರಿಯ ಫೋನ್ ನಂಬರ್ ಮತ್ತು ಲೆವೆಲ್ ಪರೀಕ್ಷೆಯ ಸೂಚನೆಗೆ ಅದೇನೂ ಬೇಕಿಲ್ಲ. ಇವೆರಡನ್ನು ಈ ವಾರ ಮನೆಗೆ ಹೊರಡುವವರ ಹಾಳೆಯಲ್ಲೇ ತಿದ್ದಿ ಕೊಡಿ. ಉಳಿದವಕ್ಕೆ ಯಾರು ಹೊಣೆ, ಯಾವ ದಿನದೊಳಗೆ ಎಂದು ಹೆಸರು ಸಮೇತ ಲಿಖಿತ ಉತ್ತರ ಕೊಟ್ಟು, ಅದರ ಪ್ರತಿಯನ್ನು ವಾರ್ಡಿನ ನೋಟಿಸ್ ಬೋರ್ಡಿಗೆ ಹಾಕಿಸಿ.

ಇಂತಿ,
ಕಸಿ ವಾರ್ಡಿನ ರೋಗಿಗಳ ಗಂಡಂದಿರು ಮತ್ತು ಹೆಂಡತಿಯರು