ಎಟಿವಿ ಹಿಂದುಗಡೆ ಕುಸೀತಿದ್ರೆ

ಎಲ್ಲರ ಗಮನಕ್ಕೆ: ಎಟಿವಿಯ (ಕಚ್ಚಾ ದಾರೀಲಿ ಓಡಿಸೋ ನಾಲ್ಕು ಚಕ್ರದ ಗಾಡಿ) ಹಿಂದಿನ ಸಸ್ಪೆನ್ಷನ್ ಮೆತ್ತಗಾಯ್ತು ಅಂತ ಸೀದಾ ಸ್ಪ್ಯಾನರ್ ಹಿಡೀಬೇಡಿ. ಮೊದಲು ಟೈರ್ ಗಾಳಿ. ಬಹಳಷ್ಟು ಗಾಡಿಗೆ ಬೇಕಿರೋದೇ 4–7 ಪಿಎಸ್‌ಐ (ಸ್ಟಿಕ್ಕರ್ ಮೇಲಿರೋ ಅಂಕಿಯೇ ಅಂತಿಮ), ಒಂದು ಕಮ್ಮಿಯಾದ್ರೂ ತೂಗಾಡುತ್ತೆ. ಬಂಕ್ ಗೇಜ್ ನಂಬಬೇಡಿ, ಲೋ-ಪ್ರೆಶರ್ ಗೇಜ್ ಇಟ್ಕೊಳ್ಳಿ.

ಶಾಕ್ ಅಬ್ಸಾರ್ಬರ್ ರಾಡ್ ಒರೆಸಿ ಒಂದು ಸುತ್ತು ಓಡಿಸಿ. ಮತ್ತೆ ಎಣ್ಣೆ ಜಿನುಗಿದ್ರೆ ಸೀಲ್ ಹೋಗಿದೆ. ಒತ್ತಿ ಬಿಟ್ಟಾಗ ಎರಡು-ಮೂರು ಸಲ ಕುಣಿದ್ರೆ ಡ್ಯಾಂಪಿಂಗ್ (ಕುಣಿತ ತಡೆಯೋ ಶಕ್ತಿ) ಸತ್ತಿದೆ. ಆಗ ಪ್ರೀಲೋಡ್ (ಸ್ಪ್ರಿಂಗನ್ನ ಮೊದಲೇ ಒತ್ತಿಡೋ ಬಿಗಿ) ಏರಿಸಿದ್ರೆ ಇನ್ನೂ ಎಗರುತ್ತೆ ಅಷ್ಟೇ. ಗ್ಯಾಸ್ ಶಾಕ್ ಮನೇಲಿ ಬಿಚ್ಚೋದಂತೂ ಬೇಡವೇ ಬೇಡ.

ಇವೆಲ್ಲ ಸರಿಯಿದ್ರೆ ಸ್ಯಾಗ್, ಅಂದ್ರೆ ಭಾರಕ್ಕೆ ಹಿಂಭಾಗ ಎಷ್ಟು ಇಳಿಯುತ್ತೆ ಅನ್ನೋದನ್ನ ಅಳೀರಿ. ಜಾಕ್ ಕೊಟ್ಟು ಹಿಂದಿನ ಚಕ್ರ ನೇತಾಡಲಿ, ಆಕ್ಸಲ್ ಮಧ್ಯದಿಂದ ನೇರ ಮೇಲೆ ಕ್ಯಾರಿಯರ್ ಅಂಚಿಗೆ ಟೇಪ್ ಹಿಡೀರಿ. ಇಳಿಸಿ, ಕುಲುಕಿ, ದಿನಾ ಹೊರೋ ಲೋಡ್ ಸಮೇತ ನೀವು ಕೂತು ಇನ್ನೊಬ್ಬರ ಕೈಲಿ ಮತ್ತೆ ಅಳೆಸಿ. ವ್ಯತ್ಯಾಸ ಒಟ್ಟು ಟ್ರಾವೆಲ್‌ನ (ಚಕ್ರ ಮೇಲೆ-ಕೆಳಗೆ ಆಡೋ ದೂರ) ಮೂರನೇ ಒಂದು ಭಾಗದ ಆಸುಪಾಸು ಇರಬೇಕು: 210 ಮಿ.ಮೀ.ಗೆ 70. ತೊಂಬತ್ತು ಬಂದ್ರೆ ಸ್ಪ್ರಿಂಗ್ ಒತ್ತಿ ಹಿಡಿಯೋ ಕಾಲರ್ (ಬಳೆ) ತಿರುಗಿಸಿ ಪ್ರೀಲೋಡ್ ಬಿಗಿ ಮಾಡಿ. ಮೆಟ್ಟಿಲು ಕಾಲರ್ ಆದ್ರೆ ಒಂದೊಂದೇ ಮೆಟ್ಟಿಲು, ಎರಡು ಶಾಕ್ ಇದ್ರೆ ಎರಡೂ ಕಡೆ ಸಮ. ಥ್ರೆಡ್ ಕಾಲರ್ ಆದ್ರೆ ಮೊದಲು ಮಣ್ಣು ಬ್ರಷ್‌ನಲ್ಲಿ ತೆಗೀರಿ, ಇಲ್ಲಾಂದ್ರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತೆ.

ಪ್ರೀಲೋಡ್ ಎತ್ತರ ಕೊಡುತ್ತೆ, ಸ್ಪ್ರಿಂಗನ್ನ ಗಟ್ಟಿ ಮಾಡಲ್ಲ. ಕೊನೇ ಮೆಟ್ಟಿಲಿಗೂ ಕುಸಿದ್ರೆ ಇನ್ನೂ ಗಟ್ಟಿಯಾದ (ಸ್ಪ್ರಿಂಗ್ ರೇಟ್ ಹೆಚ್ಚಿರೋ) ಸ್ಪ್ರಿಂಗೇ ಹಾಕಬೇಕು.